ಕೊಪ್ಪಳದಲ್ಲಿ ಬಿಡುವಿದ್ದರೆ: ಕೋಟೆಯೋ, ಗವಿಮಠವೋ, ಇಟಗಿಯೋ?

ನೆಂಟರ ಮದುವೆಗೆ ಅಂತ ಕೊಪ್ಪಳಕ್ಕೆ ಹೋಗಿದ್ದೆವು. ಬಸ್ ನಿಲ್ದಾಣದ ಹತ್ತಿರ ಲಾಡ್ಜ್ ಹಿಡಿದಿದ್ದೆವು. ಮದುವೆ ಮುಗಿದ ಮೇಲೆ ಎರಡು ದಿನ ಬಿಡುವಿತ್ತು. ಜೊತೆಗೆ ಮಂಡಿನೋವಿನ ಚಿಗವ್ವ ಇದ್ದರು.

ಮೊದಲ ದಿನ ಒಗ್ಗರಣೆ, ಮಿರ್ಚಿ ತಿಂದು ಒಂಬತ್ತಕ್ಕೆ ನಾನೊಬ್ಬನೇ ಕೋಟೆಗೆ ಹೊರಟೆ. ಅದೇ ತಪ್ಪಾಯಿತು. ಬಂಡೆಗಲ್ಲಿನ ಬೆಟ್ಟ, ನೆರಳು ಕಡಿಮೆ. ಕೆಳಗೆ ಕೂತಿದ್ದ ಹಿರಿಯರೊಬ್ಬರು, "ಈಗ ಹತ್ತತೀರೇನ್ರಿ? ನೀರು ಜಾಸ್ತಿ ಒಯ್ಯಿರಿ" ಅಂದರು. ನನ್ನ ಬಾಟಲಿ ಅರ್ಧ ದಾರಿಯಲ್ಲೇ ಖಾಲಿ. 1786ರಲ್ಲಿ ಟಿಪ್ಪು ಈ ಕೋಟೆ ಹಿಡಿದು ಗಟ್ಟಿ ಮಾಡಿಸಿದ್ದ. 1790ರಲ್ಲಿ ಬ್ರಿಟಿಷರು, ನಿಜಾಮರ ಸೈನ್ಯ ಇದನ್ನು ಗೆಲ್ಲಲು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕಾಯಬೇಕಾಯಿತು. ಯಾಕೆ ಅಂತ ನನ್ನ ಕಾಲುಗಳಿಗೆ ಚೆನ್ನಾಗಿ ಗೊತ್ತಾಯಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರು ಕಡೆಯ ಹೋರಾಟ ಮಾಡಿದ್ದೂ ಇಲ್ಲೇ.

ಸಂಜೆ ಚಿಗವ್ವನ ಜೊತೆ ಗವಿಮಠಕ್ಕೆ ಹೋದೆ. ವಯಸ್ಸಾದವರಿಗೆ ಇದೇ ಸರಿ. ಆಟೊ ಇಳಿದು ಗವಿಸಿದ್ಧೇಶ್ವರರ ದರ್ಶನ ಮಾಡಿ, ಕೆರೆ ನೋಡುತ್ತ ಸುಮ್ನೆ ಕೂತುಬಿಡಬಹುದು. ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಬ್ರಾಹ್ಮಿ ಲಿಪಿ, 2,200 ವರ್ಷಕ್ಕೂ ಹಳೆಯದು. ಹತ್ತಿರದ ಪಾಲ್ಕಿಗುಂಡಿನಲ್ಲೂ ಒಂದಿದೆ. ಅಲ್ಲಿ ಚಪ್ಪಡಿಯೊಂದನ್ನು ಬಂಡೆಗಳೇ ಪಲ್ಲಕ್ಕಿಯಂತೆ ಹೊತ್ತಿವೆ. ಆದರೆ ಅಕ್ಷರ ತುಂಬಾ ಸವೆದಿದೆ. ಓದಲು ಬಾರದಿದ್ದರೂ ಅಕ್ಷರ ಕಾಣಬೇಕು ಅನ್ನುವವರು ಗವಿಮಠದ್ದನ್ನೇ ನೋಡಲಿ. ಜನವರಿಯ ಜಾತ್ರೆಯಲ್ಲಿ ಮಾತ್ರ ಲಕ್ಷಾಂತರ ಜನ ಸೇರುತ್ತಾರೆ. ಆಗ ಕೂರಲು ಜಾಗ ಸಿಗದು.

ಇಟಗಿ ಕೊಪ್ಪಳದಿಂದ ಇಪ್ಪತ್ತು ಕಿಲೋಮೀಟರಿನ ಆಚೆ. ಕಾರು ಮಾಡಿಕೊಂಡು ಹೋದೆವು. ದೂರ ಅಂತ ಇದನ್ನು ಬಿಟ್ಟುಬಿಡುವವರೇ ಜಾಸ್ತಿ, ಅದು ನನಗೆ ನಿಜಕ್ಕೂ ಬೇಜಾರು. ಕಲ್ಯಾಣ ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಇದು. ಶಾಸನವೇ ಇದನ್ನು 'ದೇವಾಲಯ ಚಕ್ರವರ್ತಿ' ಅನ್ನುತ್ತದೆ. ಒಳಗೆ ನಿಂತರೆ ಅದು ಹೊಗಳಿಕೆ ಅನ್ನಿಸುವುದೇ ಇಲ್ಲ. ಬಾಗಿಲ ಪಟ್ಟಿಗಳಲ್ಲಿ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಇನ್ನೊಂದು ಕೆತ್ತನೆ. ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ತಿರುಗಣಿ ಕಂಬಗಳು, ಅಂದರೆ ಕಲ್ಲನ್ನು ತಿರುಗಿಸುತ್ತ ಕಡೆದ ಕಂಬಗಳು, ಎಷ್ಟು ನುಣುಪು ಅಂದರೆ, ಚಿಗವ್ವ ಒಂದರ ಮೇಲೆ ಕೈಯಾಡಿಸಿ, "ತಮ್ಮಾ, ಇದು ಕಲ್ಲೇ ಏನೋ?" ಅಂದರು. ಹೊರಗೆ ಪುಷ್ಕರಣಿ, ಸುತ್ತ ಸಣ್ಣ ಗುಡಿಗಳು. ಅವರ ಮಂಡಿಗೂ ತೊಂದರೆಯಾಗಲಿಲ್ಲ.

ಮತ್ತೆ ಹೋದರೆ ಕೋಟೆಗೆ ಬೆಳಗ್ಗೆ ಆರಕ್ಕೇ ಹತ್ತುತ್ತೇನೆ, ಎರಡು ಬಾಟಲಿ ನೀರಿನೊಂದಿಗೆ. ಅರ್ಧ ದಿನ ಮಾತ್ರ ಸಿಕ್ಕರೆ ನೇರ ಇಟಗಿಗೆ. ಅಂದು ಕಾರಿನವರು ಎರಡು ಸಲ ಕರೆದರೂ ಚಿಗವ್ವ ಆ ಕಂಬದ ಹತ್ತಿರದಿಂದ ಏಳಲಿಲ್ಲ.