ಒಂದೇ ಸಾರ್ಜೆಂಟ್ ಪೆಪ್ಪರ್, ನಾಲ್ಕು ಸದ್ದು

ನನ್ನ ಕಪಾಟಿನಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ 1967ರ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಆಲ್ಬಂನ ನಾಲ್ಕು ಪ್ರತಿ ಇವೆ. 1987ರ ಸಿಡಿ, 2009ರ ಸ್ಟೀರಿಯೊ ರೀಮಾಸ್ಟರ್ ಸಿಡಿ, 2014ರ ಮೋನೊ ಎಲ್‌ಪಿ, 2017ರ ರೀಮಿಕ್ಸ್ ಸಿಡಿ. ಒಂದೇ ಸೀರೆಯನ್ನು ನಾಲ್ಕು ಸಲ ಕೊಂಡ ಹಾಗಾಯ್ತು ಅಂತ ಹೆಂಡತಿ ನಕ್ಕಳು. ಸೀರೆ ಒಂದೇ, ಬಣ್ಣ ಬೇರೆ ಬೇರೆ ಅಂದೆ. "ಹಾಗಾದ್ರೆ ಕಣ್ಣು ಮುಚ್ಚಿಕೊಂಡು ಗುರುತು ಹಿಡೀರಿ ನೋಡೋಣ" ಅಂದಳು. ಅಲ್ಲಿಂದ ಮೂರು ಭಾನುವಾರ ಹೋದವು.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ನಮ್ಮಲ್ಲಿ ರೀಮಿಕ್ಸ್ ಅಂದರೆ ಹಳೇ ಹಾಡಿಗೆ ಧಡ್ ಧಡ್ ಬೀಟ್ ಸೇರಿಸಿ ಮದುವೆ ಮನೆಯಲ್ಲಿ ಹಾಕುವುದು. ಇಲ್ಲಿ ಆ ಅರ್ಥ ಅಲ್ಲ. ಹಾಡುವ ದನಿ, ಗಿಟಾರ್, ಡ್ರಮ್ ಎಲ್ಲ ಟೇಪಿನ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ, ಅಂದರೆ ಪಟ್ಟಿಗಳಲ್ಲಿ, ಇರುತ್ತವೆ. ಅವನ್ನು ಎಷ್ಟೆಷ್ಟು ಬೇಕೋ ಅಷ್ಟಷ್ಟು ಬೆರೆಸಿ ಒಂದು ಹಾಡು ಮಾಡುವುದು ಮಿಕ್ಸ್. ಹಾಗೆ ಬೆರೆಸಿಟ್ಟ ಟೇಪನ್ನು ಎಲ್‌ಪಿಗೋ ಸಿಡಿಗೋ ಹೊಂದಿಸುವುದು ಮಾಸ್ಟರಿಂಗ್. ರೀಮಾಸ್ಟರ್ ಅಂದರೆ ಅದೇ ಸಾರನ್ನು ಬಿಸಿ ಮಾಡಿ ಮತ್ತೆ ಬಡಿಸಿದ ಹಾಗೆ. ರೀಮಿಕ್ಸ್ ಅಂದರೆ ಅದೇ ಬೇಳೆ, ಅದೇ ಸೊಪ್ಪು ತಂದು ಹೊಸದಾಗಿ ಒಲೆ ಹಚ್ಚಿದ ಹಾಗೆ. ಪೆಟ್ಟಿಗೆ ಮೇಲೆ ಎರಡಕ್ಕೂ ಒಂದೇ ಥರದ ಮಿಂಚು ಅಕ್ಷರ ಹಾಕುತ್ತಾರೆ, ಹಾಗಾಗಿ ಕೊಳ್ಳುವವರು ಯಾಮಾರುತ್ತಾರೆ. ಇನ್ನು ಮೋನೊ ಅಂದರೆ ಎಲ್ಲ ಸದ್ದೂ ಒಂದೇ ಕಡೆಯಿಂದ, ಸ್ಟೀರಿಯೊ ಅಂದರೆ ಎಡ ಬಲ ಎರಡು ಕಡೆಗೆ ಹಂಚಿದ್ದು.

ನನ್ನ ಸಲಕರಣೆ ಸಾಧಾರಣ. ಒಂದು ಹಳೇ ಆಂಪ್ಲಿಫೈಯರ್, ಪುಸ್ತಕದ ಕಪಾಟಿನಲ್ಲಿ ಕೂರುವ ಎರಡು ಸ್ಪೀಕರ್, ಒಂದು ಹೆಡ್‌ಫೋನ್, ಗೆಳೆಯನೊಬ್ಬ ಬಳಸಿ ಕೊಟ್ಟ ಟರ್ನ್‌ಟೇಬಲ್. ರಾತ್ರಿ ಹತ್ತರ ಮೇಲೆ, ರಸ್ತೆ ಸದ್ದು ಇಳಿದ ಮೇಲೆ, ಫ್ಯಾನ್ ಆರಿಸಿ ಕೇಳಿದ್ದು. ಎಲ್‌ಪಿಯನ್ನು ಕಣ್ಣು ಮುಚ್ಚಿ ಕೇಳುವ ಪರೀಕ್ಷೆಗೆ ಇಡೋಕೆ ಆಗಲ್ಲ. ಮುಳ್ಳು ಕೂತ ತಕ್ಷಣ ಚಟಪಟ ಅಂದು ತಾನೇ ಹೆಸರು ಹೇಳಿಬಿಡುತ್ತದೆ. ಹಾಗಾಗಿ ಮೋನೊ ಸಿಡಿಯನ್ನು ಅದೇ ಗೆಳೆಯನ ಪೆಟ್ಟಿಗೆಯಿಂದ ಸಾಲ ತಂದೆ.

ಮೊದಲ ಭಾನುವಾರ ನಾನು ಮಾಡಿದ್ದು ಪೆದ್ದು ಕೆಲಸ. ಒಂದಾದ ಮೇಲೆ ಒಂದು ಸಿಡಿ ಹಾಕುತ್ತಾ ಹೋದೆ, ವಾಲ್ಯೂಮ್ ಮುಟ್ಟಲಿಲ್ಲ. 1987ರದ್ದು ಸಪ್ಪೆ ಅನಿಸಿತು. 2009ರದ್ದು ಮೈತುಂಬಿಕೊಂಡಿತ್ತು. 2017ರದ್ದು ಕೋಣೆಗೇ ನುಗ್ಗಿತು. ಆಹಾ, ಹೊಸದೇ ಚೆನ್ನ ಅಂತ ಬರೆದಿಟ್ಟೆ. ಆಮೇಲೆ ಹೊಳೆಯಿತು. ಹೊಸ ಸಿಡಿಗಳನ್ನು ಹೆಚ್ಚು ಜೋರಾಗಿಯೇ ತುಂಬಿರುತ್ತಾರೆ. ನಮ್ಮ ಕಿವಿಗೆ ಸ್ವಲ್ಪ ಜೋರು ಅಂದರೆ ಸ್ವಲ್ಪ ಚೆನ್ನ. ಮುಂದಿನ ವಾರ ಫೋನಿನ ಸದ್ದಿನ ಮೀಟರ್ ಇಟ್ಟುಕೊಂಡು, ಪ್ರತಿ ಸಿಡಿಗೂ ವಾಲ್ಯೂಮ್ ಗುಂಡಿ ಎಲ್ಲಿ ನಿಲ್ಲಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಈಗ ಹೆಂಡತಿ ಸಿಡಿ ಬದಲಿಸಿದಳು, ನಾನು ಗೋಡೆ ಕಡೆ ತಿರುಗಿ ಕೂತೆ. 2017ರದ್ದನ್ನು ಪ್ರತಿ ಸಲವೂ ಹತ್ತು ಸೆಕೆಂಡಿನಲ್ಲಿ ಹಿಡಿದೆ. ಮೋನೊ ಹಿಡಿಯೋಕೆ ಅಷ್ಟೂ ಬೇಕಾಗಲಿಲ್ಲ. ಆದರೆ 1987 ಯಾವುದು, 2009 ಯಾವುದು? ಹತ್ತಕ್ಕೆ ಆರು ಸರಿ. ನಾಣ್ಯ ಚಿಮ್ಮಿದ್ದರೂ ಹೆಚ್ಚು ಕಮ್ಮಿ ಅಷ್ಟೇ ಬರುತ್ತಿತ್ತು. ಮೊದಲ ವಾರ ನನಗೆ ಕೇಳಿಸಿದ್ದ "ಮೈತುಂಬಿದ" ಗುಣದ ಮುಕ್ಕಾಲು ಪಾಲು ಬರೀ ವಾಲ್ಯೂಮ್ ಅಂತಾಯ್ತು. ಹೆಡ್‌ಫೋನಿನಲ್ಲಿ ಕೂತು ಹುಡುಕಿದರೆ 2009ರಲ್ಲಿ ಬೇಸ್ ಗಿಟಾರ್ ಸ್ವಲ್ಪ ದಪ್ಪ, ಒಟ್ಟು ಸದ್ದು ಸ್ವಲ್ಪ ನಯ. ಅಷ್ಟೇ. ಆಶ್ಚರ್ಯ ಇಲ್ಲ, ಎರಡೂ 1967ರ ಅದೇ ಸ್ಟೀರಿಯೊ ಮಿಕ್ಸ್. ಸಾರು ಒಂದೇ, ಪಾತ್ರೆ ಬೇರೆ. ಮನೆಯಲ್ಲಿ 1987ರ ಸಿಡಿ ಇದ್ದರೆ ಅದನ್ನು ಮಾರಿ 2009ರದ್ದು ಕೊಳ್ಳಬೇಡಿ.

ಮೋನೊ ವಿಷಯ ಬೇರೆಯೇ. ಅಲ್ಲಿ ಅಡುಗೆಯೇ ಬೇರೆ.

1967ರಲ್ಲಿ ಇಂಗ್ಲೆಂಡಿನ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಒಂದೇ ಸ್ಪೀಕರಿನ ರೆಕಾರ್ಡ್ ಪ್ಲೇಯರ್. ಹಾಗಾಗಿ ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಂಜಿನಿಯರ್ ಜೆಫ್ ಎಮೆರಿಕ್ ಮತ್ತು ಬೀಟಲ್ಸ್ ಹುಡುಗರು ತಲೆ ಕೆಡಿಸಿಕೊಂಡದ್ದು ಮೋನೊ ಮಿಕ್ಸಿಗೆ. ಅದಕ್ಕೆ ವಾರಗಟ್ಟಲೆ ಕೂತರು. ಸ್ಟೀರಿಯೊ ಮಿಕ್ಸ್ ಕೆಲವೇ ದಿನಗಳಲ್ಲಿ, ಹೆಚ್ಚಾಗಿ ಹುಡುಗರು ಇಲ್ಲದೆಯೇ ಮುಗಿಯಿತು. ಆಮೇಲೆ ಮೋನೊ ಪ್ಲೇಯರ್‌ಗಳು ಮೂಲೆ ಸೇರಿದವು. ಜಗತ್ತು ದಶಕಗಳ ಕಾಲ ಕೇಳಿದ್ದು ಆತುರದಲ್ಲಿ ಮಾಡಿದ ಮಿಕ್ಸನ್ನೇ. ಮೋನೊ ಸಿಡಿ ಬಂದದ್ದು 2009ರಲ್ಲಿ, ಅದೂ ಬೀಟಲ್ಸ್ ಮೋನೊ ಆಲ್ಬಂಗಳ ಇಡೀ ಪೆಟ್ಟಿಗೆ ಕೊಂಡರೆ ಮಾತ್ರ. ಬಿಡಿ ಎಲ್‌ಪಿ ಬಂದದ್ದು 2014ರಲ್ಲಿ. ಅದನ್ನು ಮೂಲ ಟೇಪಿನಿಂದ ನೇರವಾಗಿ, ನಡುವೆ ಡಿಜಿಟಲ್ ಇಲ್ಲದೆ ಕೊರೆದಿದ್ದಾರೆ.

ವ್ಯತ್ಯಾಸ ಎಲ್ಲಿ ಕೇಳಿಸುತ್ತದೆ? 'ಶೀಸ್ ಲೀವಿಂಗ್ ಹೋಮ್' ಹಾಕಿ. ಮೋನೊದಲ್ಲಿ ಟೇಪನ್ನು ವೇಗವಾಗಿ ಓಡಿಸಿದ್ದಾರೆ, ಶ್ರುತಿ ಅರ್ಧ ಮನೆ ಮೇಲೆ. ಸ್ಟೀರಿಯೊದಲ್ಲಿ ಅದೇ ಹಾಡು ನಿಧಾನ, ಪಾಲ್ ಮೆಕಾರ್ಟ್ನಿ ದನಿ ಭಾರ, ಮನೆಬಿಟ್ಟು ಹೋಗುವ ಹುಡುಗಿಗಿಂತ ಅಪ್ಪ ಅಮ್ಮನ ಅಳುವೇ ಜಾಸ್ತಿ. ಮೋನೊದಲ್ಲಿ ಹುಡುಗಿ ನಿಜಕ್ಕೂ ಬಾಗಿಲು ದಾಟುತ್ತಾಳೆ. 'ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್' ಉಲ್ಟಾ. ಅಲ್ಲಿ ಮೋನೊದ್ದೇ ನಿಧಾನ, ಜಾನ್ ಲೆನನ್ ದನಿ ನೀರೊಳಗಿಂದ ಬಂದ ಹಾಗೆ ಸುಳಿ ಸುಳಿಯಾಗಿ ತಿರುಗುತ್ತದೆ. ಸ್ಟೀರಿಯೊದಲ್ಲಿ ಆ ಸುಳಿ ಬಹಳ ಕಮ್ಮಿ. ಆಲ್ಬಂನ ಕೊನೆಯ ಹತ್ತಿರ ಶುರುವಿನ ಸಾರ್ಜೆಂಟ್ ಪೆಪ್ಪರ್ ಹಾಡು ಮತ್ತೆ ಬರುತ್ತದಲ್ಲ, ಅದರ ತುದಿಯಲ್ಲಿ ಜನರ ಗದ್ದಲದ ಮೇಲೆ ಪಾಲ್ ಏನೇನೋ ಕೂಗುತ್ತಾನೆ. ಮೋನೊದಲ್ಲಿ ಕೂಗು ಕಿವಿಗೆ ಬೀಳುತ್ತದೆ, ಸ್ಟೀರಿಯೊದಲ್ಲಿ ಮಾಯ. ಮೋನೊದ ಡ್ರಮ್ ಅಂತೂ ಎದೆಗೆ ತಾಗುತ್ತದೆ.

ಹಾಗಂತ ಮೋನೊಗೆ ಎಲ್ಲ ಅಂಕ ಕೊಡೋಕೆ ಬರಲ್ಲ. 'ಗುಡ್ ಮಾರ್ನಿಂಗ್ ಗುಡ್ ಮಾರ್ನಿಂಗ್' ಮುಗಿಯುವಾಗ ಕೋಳಿ ಕೊಕ್ಕೊಕ್ಕೋ ಅಂದದ್ದು ಹಾಗೇ ಗಿಟಾರ್ ಸದ್ದಾಗಿ ಮುಂದಿನ ಹಾಡಿಗೆ ಹಾರುತ್ತದೆ. ನನ್ನ ಕಿವಿಗೆ ಆ ಜಿಗಿತ ಸ್ಟೀರಿಯೊದಲ್ಲೇ ಸರಿಯಾಗಿ ಕೂತಿದೆ. ಇನ್ನು ಹೆಡ್‌ಫೋನಿನಲ್ಲಿ ಮೋನೊ ಕೇಳುವುದು ಹಿಂಸೆ. ಇಡೀ ಬ್ಯಾಂಡು ನೆತ್ತಿಯ ಒಳಗೆ ಕಿಕ್ಕಿರಿದು ಕೂತ ಹಾಗೆ. ಮೋನೊ ಸ್ಪೀಕರಿನಲ್ಲೇ ಆಗಬೇಕು, ಸಾಧ್ಯವಾದರೆ ಒಂದೇ ಸ್ಪೀಕರಿನಲ್ಲಿ.

ಎಲ್‌ಪಿಗೆ ಇನ್ನೊಂದು ತಕರಾರು ಇದೆ. 'ಎ ಡೇ ಇನ್ ದ ಲೈಫ್' ಬರುವುದು ಎರಡನೇ ಬದಿಯ ಕಟ್ಟಕಡೆಗೆ, ಅಂದರೆ ಡಿಸ್ಕಿನ ನಡುವಿನ ಹತ್ತಿರ. ಅಲ್ಲಿ ಸುತ್ತು ಚಿಕ್ಕದು, ಮುಳ್ಳಿನ ಕೆಳಗೆ ಗೆರೆ ಓಡುವ ವೇಗ ಕಮ್ಮಿ, ಮೇಲಿನ ಸ್ವರಗಳು ಒಡೆಯುತ್ತವೆ. ಸರಿಯಾಗಿ ಅಲ್ಲೇ 40 ಜನರ ಆರ್ಕೆಸ್ಟ್ರಾ ಕೆಳಗಿನಿಂದ ಮೇಲಕ್ಕೆ ಏರಿ ಬರುವುದು! ನನ್ನ ಸಾಧಾರಣ ಮುಳ್ಳು ಅಲ್ಲಿ ತೊದಲುತ್ತದೆ. ಸಿಡಿಗೆ ಈ ಕಷ್ಟ ಇಲ್ಲ. ಜೊತೆಗೆ, ನಾನು ತರಿಸಿದ ಮೊದಲ ಎಲ್‌ಪಿ ಹಪ್ಪಳದ ಹಾಗೆ ಸೊಟ್ಟಗಾಗಿ ಬಂದಿತ್ತು. ವಾಪಸ್ ಕಳಿಸಿ, ಎರಡು ವಾರ ಕಾದು, ಇನ್ನೊಂದು ತರಿಸಿಕೊಂಡೆ. ಸಿಡಿ ಯಾವತ್ತೂ ಹಪ್ಪಳ ಆಗಿಲ್ಲ.

ಈಗ 2017. ಇದು ಆಲ್ಬಂ ಬಂದು 50 ವರ್ಷವಾದಾಗ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಮತ್ತು ಎಂಜಿನಿಯರ್ ಸ್ಯಾಮ್ ಓಕೆಲ್ ಸೇರಿ ಮಾಡಿದ ಹೊಸ ಸ್ಟೀರಿಯೊ ಮಿಕ್ಸ್. 1967ರಲ್ಲಿ ಅಬ್ಬಿ ರೋಡ್ ಸ್ಟುಡಿಯೊದಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕಿನ ಯಂತ್ರ. ನಾಲ್ಕೂ ತುಂಬಿದ ಮೇಲೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಹೊಸದನ್ನು ಸೇರಿಸುತ್ತಿದ್ದರು. ಒಮ್ಮೆ ಹೀಗೆ ಇಳಿಸಿದರೆ ಡ್ರಮ್ಮನ್ನೂ ಗಿಟಾರನ್ನೂ ಮತ್ತೆ ಬಿಡಿಸೋಕೆ ಆಗಲ್ಲ, ಹಾಲಿಗೆ ಬಿದ್ದ ಡಿಕಾಕ್ಷನ್ ಥರ. ಹಳೇ ಸ್ಟೀರಿಯೊದಲ್ಲಿ ಡ್ರಮ್ ಒಂದು ಕಿವಿಗೆ, ಹಾಡು ಇನ್ನೊಂದು ಕಿವಿಗೆ ಬೀಳುವುದಕ್ಕೆ ಇದೇ ಕಾರಣ. ಪುಣ್ಯಕ್ಕೆ ಬೆರೆಸುವ ಮೊದಲಿನ ಟೇಪುಗಳನ್ನು ಯಾರೂ ಎಸೆದಿರಲಿಲ್ಲ. ಜೈಲ್ಸ್ ಆ ಟೇಪುಗಳಿಗೆ ಹೋಗಿ, ಎಲ್ಲವನ್ನೂ ಹೊಂದಿಸಿ ಓಡಿಸಿ, ಹಳೇ ಮೋನೊವನ್ನೇ ಮಾದರಿಯಾಗಿ ಇಟ್ಟುಕೊಂಡು ಬೆರೆಸಿದರು. 'ಶೀಸ್ ಲೀವಿಂಗ್ ಹೋಮ್' ಇಲ್ಲಿ ಮೋನೊ ವೇಗದಲ್ಲಿದೆ. ಲೂಸಿಯ ಸುಳಿಯೂ ವಾಪಸ್ ಬಂದಿದೆ.

ಕೇಳೋಕೆ ಹೇಗಿದೆ? ಬಹಳ ಕಡೆ ಬೆರಗು. ರಿಂಗೊ ಡ್ರಮ್ ನಟ್ಟನಡುವೆ ಬಂದು ಕೂತಿದೆ. ನನಗೆ ಅತಿ ಇಷ್ಟವಾದದ್ದು 'ವಿದಿನ್ ಯು ವಿದೌಟ್ ಯು'. ಜಾರ್ಜ್ ಹ್ಯಾರಿಸನ್ ಬಿಟ್ಟರೆ ಬೀಟಲ್ಸ್‌ನ ಬೇರೆ ಯಾರೂ ಈ ಹಾಡಿನಲ್ಲಿಲ್ಲ. ಲಂಡನ್ನಿನಲ್ಲಿದ್ದ ಭಾರತೀಯ ವಾದ್ಯಗಾರರು ತಬಲಾ, ಕಮಾನಿನಿಂದ ನುಡಿಸುವ ದಿಲ್‌ರುಬಾ, ತಂಬೂರಿ ನುಡಿಸಿದ್ದಾರೆ, ಮೇಲೆ ಪಿಟೀಲು ಚೆಲೋಗಳನ್ನು ಜಾರ್ಜ್ ಮಾರ್ಟಿನ್ ಬರೆದು ಸೇರಿಸಿದ್ದಾರೆ. 1987ರ ಸಿಡಿಯಲ್ಲಿ ತಂಬೂರಿ ಪಕ್ಕದ ಮನೆಯ ಮಿಕ್ಸಿ ಥರ ಗುಂಯ್ ಅನ್ನುತ್ತದೆ. 2017ರಲ್ಲಿ ತಂತಿಗಳು ಒಂದೊಂದಾಗಿ ಬಿಡಿಸಿಕೊಂಡಿವೆ, ತಬಲಾದ ಎಡಗೈ ಗುಮುಕು ಸ್ಪಷ್ಟ. ದಿಲ್‌ರುಬಾ ಎಲ್ಲಿ ನಿಲ್ಲುತ್ತದೆ, ಪಿಟೀಲು ಎಲ್ಲಿ ಎತ್ತಿಕೊಳ್ಳುತ್ತದೆ ಅಂತ ಮೊದಲ ಸಲ ನನಗೆ ಕೇಳಿಸಿತು. ರಾಮನವಮಿ ಕಛೇರಿಗಳಲ್ಲಿ ತಂಬೂರಿ ಪಕ್ಕ ಕೂತು ಬೆಳೆದ ಕಿವಿಗೆ ಇದು ಸಣ್ಣ ವಿಷಯ ಅಲ್ಲ.

ತಕರಾರು ಏನಂದರೆ ಸಿಡಿಯನ್ನು ತೀರಾ ಜೋರಾಗಿ ಹಿಂಡಿದ್ದಾರೆ. ವಾಲ್ಯೂಮ್ ಇಳಿಸಿದ ಮೇಲೂ ಮೆಲ್ಲಗಿನ ಜಾಗಕ್ಕೂ ಅಬ್ಬರದ ಜಾಗಕ್ಕೂ ಇರಬೇಕಾದ ಅಂತರ ಕಮ್ಮಿ ಅನಿಸುತ್ತದೆ. ಇಡೀ ಆಲ್ಬಂ ಒಂದೇ ಉಸಿರಿಗೆ ಕೇಳಿದರೆ ಕಿವಿ ದಣಿಯುತ್ತದೆ, ಮೋನೊದಲ್ಲಿ ಹಾಗಾಗಲ್ಲ. ಇನ್ನೂ ಒಂದು. ಎಲ್ಲ ಅಷ್ಟು ನೀಟಾಗಿ ಜೋಡಿಸಿಟ್ಟರೆ ಹಳೇ ಆಲ್ಬಂನ ಒಂದು ಬಗೆಯ ಮಬ್ಬು ಹೋಗಿಬಿಡುತ್ತೆ ಅಲ್ವಾ? ನನಗಂತೂ ಆ ಮಬ್ಬು ಸ್ವಲ್ಪ ಬೇಕು.

ಇದೇ ಗುಂಗಿನಲ್ಲಿ ಅಪರೂಪದ ಮಿಕ್ಸ್‌ಗಳ ಬೆನ್ನು ಹತ್ತಿದರೆ ಜೇಬಿಗೆ ಕಷ್ಟ. 1966ರ 'ರಿವಾಲ್ವರ್' ಆಲ್ಬಂನ ಮೋನೊ ಎಲ್‌ಪಿ ಒತ್ತುವುದು ಶುರುವಾದ ಮೇಲೆ ಜಾರ್ಜ್ ಮಾರ್ಟಿನ್ 'ಟುಮಾರೊ ನೆವರ್ ನೋಸ್' ಹಾಡಿನ ಮಿಕ್ಸ್ ಬದಲಿಸಿದರು. ಅಷ್ಟರಲ್ಲಿ ರೀಮಿಕ್ಸ್ 11 ಅನ್ನುವ, ಮೊದಲು ಆರಿಸಿದ್ದ ಮಿಕ್ಸ್ ಇದ್ದ ಕೆಲವು ಪ್ರತಿಗಳು ಹೊರಬಿದ್ದಿದ್ದವು. ಸಂಗ್ರಹಕಾರರು ಡಿಸ್ಕಿನ ನಡುವೆ ಕೊರೆದ ನಂಬರನ್ನು ಭೂತಗನ್ನಡಿಯಲ್ಲಿ ನೋಡಿ ಅದನ್ನು ಹುಡುಕುತ್ತಿದ್ದರು. 2022ರ ದೊಡ್ಡ ಪೆಟ್ಟಿಗೆಯಲ್ಲಿ ಆ ಮಿಕ್ಸ್ ಸುಮ್ನೆ ಒಂದು ಟ್ರ್ಯಾಕ್ ಆಗಿ ಬಂದಿದೆ. 1968ರ ವೈಟ್ ಆಲ್ಬಂ ಮೋನೊದಲ್ಲಿ 'ಹೆಲ್ಟರ್ ಸ್ಕೆಲ್ಟರ್' ಒಮ್ಮೆ ಇಳಿದರೆ ಮತ್ತೆ ಏಳುವುದಿಲ್ಲ, ಬೆರಳಲ್ಲಿ ಬೊಬ್ಬೆ ಬಂತು ಅಂತ ರಿಂಗೊ ಅರಚುವುದು ಸ್ಟೀರಿಯೊದಲ್ಲಿ ಮಾತ್ರ. ಅಲ್ಲಿ ನನ್ನ ಓಟು ಸ್ಟೀರಿಯೊಗೆ. ಆ ಅರಚು ಇಲ್ಲದಿದ್ದರೆ ಹಾಡು ಅರ್ಧ.

ಪೆಪ್ಪರ್‌ಗೆ ಬಂದರೆ, ಮನೆಯಲ್ಲಿ ಸ್ಪೀಕರ್ ಮುಂದೆ ಕೂರುವ ನನಗೆ ಮೋನೊ ಮೊದಲು. ಮೆಟ್ರೋದಲ್ಲಿ ಹೆಡ್‌ಫೋನ್ ಹಾಕುವವರಿಗೆ ಕಣ್ಣು ಮುಚ್ಚಿ 2017. ಎಂಟನೇ ಕ್ಲಾಸಿನ ಮಗಳು ಈ ಪರೀಕ್ಷೆಯಲ್ಲಿ ನಮ್ಮೆಲ್ಲರನ್ನೂ ಸೋಲಿಸಿದಳು. ಆಲ್ಬಂನ ಕೊನೆಯ ಪಿಯಾನೊ ಸದ್ದು ಪೂರ್ತಿ ಇಳಿದ ಮೇಲೆ 15 ಕಿಲೊಹರ್ಟ್ಜ್ ಆಸುಪಾಸಿನ ಒಂದು ಸೀಟಿ ಇದೆ, ನಾಯಿಗಳಿಗೆ ಕೇಳಿಸಲಿ ಅಂತ ತಮಾಷೆಗೆ ಹಾಕಿದ್ದು. ಅವಳು ಕಿವಿ ಮುಚ್ಚಿಕೊಂಡು "ಅಪ್ಪಾ, ಆಫ್ ಮಾಡಿ" ಅಂದಳು. ನಾನು ಏನು ಆಫ್ ಮಾಡಲಿ ಅಂತ ನೋಡುತ್ತಿದ್ದೆ. ಸದ್ದಿನ ಗುಣಮಟ್ಟದ ಬಗ್ಗೆ ಇಷ್ಟುದ್ದ ಬರೆಯುವ ಮನುಷ್ಯನ ಕಿವಿ ಇದು.

2009ರ ಸಿಡಿ ಮಾತ್ರ ಯಾರಿಗೂ ಬೇಡದೆ ಉಳಿದಿತ್ತು. ಮೂರನೇ ಭಾನುವಾರ ಸೋದರಮಾವ ಊಟಕ್ಕೆ ಬಂದರು. ಈ ಹಾಡುಗಳನ್ನು ನನಗೆ ಹತ್ತಿಸಿದ್ದೇ ಅವರು, ಎಂಬತ್ತರ ದಶಕದಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ ಸ್ಟೀರಿಯೊ ಮಿಕ್ಸ್. ಹೆಮ್ಮೆಯಿಂದ ಮೋನೊ ಎಲ್‌ಪಿ ಹಾಕಿದೆ. 'ಶೀಸ್ ಲೀವಿಂಗ್ ಹೋಮ್' ಶುರುವಾಗಿ ಎರಡು ಸಾಲು ಆಗಿರಲಿಲ್ಲ, ಮಾವ ಎಲೆ ಅಡಿಕೆ ಕೈಯಲ್ಲೇ ಹಿಡಿದು ಹುಬ್ಬು ಗಂಟಿಕ್ಕಿದರು. "ಏನೋ ಇದು, ಮೆಷೀನು ಜೋರಾಗಿ ತಿರುಗ್ತಿದೆ. ಬೆಲ್ಟ್ ನೋಡಿಸೋ." ಇದೇ ಬೀಟಲ್ಸ್ ಒಪ್ಪಿದ ವೇಗ, ನೀವು ಕೇಳಿದ್ದೇ ನಿಧಾನದ್ದು ಅಂತ ವಿವರಿಸಿದೆ. ಕೇಳಿಸಿಕೊಂಡರು. "ಇರಬಹುದಪ್ಪ. ನನ್ನ ಹಾಡು ಹಾಕು" ಅಂದರು. 2009ರದ್ದು ಹಾಕಿದೆ. ಹೋಗುವಾಗ ಆ ಸಿಡಿ ಅವರ ಚೀಲದಲ್ಲಿತ್ತು.