ಬೆರಳ ತುದಿಯ ರಕ್ತದಿಂದ ಮೈಗ್ರೇನ್‌ನ ಕಾರಣ ಹೇಳುತ್ತೇವೆ ಎನ್ನುವವರಿಗೆ ಹಣ ಕಟ್ಟಬೇಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಲ್ಲಿ ಮೈಗ್ರೇನ್‌ನಿಂದ ನರಳುತ್ತಿರುವವರೂ ಅವರ ಮನೆಯವರೂ ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ. ನಿಮ್ಮ ಬೆರಳ ತುದಿಯಿಂದ ನಾಲ್ಕು ಹನಿ ರಕ್ತ ತೆಗೆದು, ಯಾವ ಯಾವ ಆಹಾರ ನಿಮ್ಮ ತಲೆನೋವನ್ನು ಎಬ್ಬಿಸುತ್ತದೆ ಎಂದು ಪಟ್ಟಿ ಮಾಡಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನಿಂದ ಅವರು 18,500 ರೂಪಾಯಿ ವಸೂಲು ಮಾಡಿದರು. ಹಣ ಹೋಯಿತು, ಹೋಗಲಿ. ಆದರೆ ತಿಂಗಳುಗಟ್ಟಲೆ ನನ್ನ ತಟ್ಟೆಯಿಂದ ರೊಟ್ಟಿಯನ್ನೇ ಕಿತ್ತುಕೊಂಡು, ನೋವು ಹೆಚ್ಚಾದಾಗ ಅದಕ್ಕೆ ನನ್ನನ್ನೇ ಹೊಣೆ ಮಾಡಿದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ಇದನ್ನು ಬರೆಯಲು ನಾಚಿಕೆಯೂ ಆಗುತ್ತಿದೆ, ಏಕೆಂದರೆ ಬೇರೆಯವರ ಬಿಲ್ಲಿನಲ್ಲಿ ಒಂದು ರೂಪಾಯಿ ವ್ಯತ್ಯಾಸವಿದ್ದರೂ ಹಿಡಿಯುತ್ತಾಳೆ ಎಂದು ಕಚೇರಿಯಲ್ಲಿ ಹೆಸರು ಪಡೆದವಳು ನಾನು.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮೈಗ್ರೇನ್ ಇರುವವರಿಗೆ ಅದೇನೆಂದು ವಿವರಿಸಬೇಕಾಗಿಲ್ಲ: ಅರ್ಧ ತಲೆ ಮಾತ್ರ ಮಿಡಿಯುತ್ತದೆ, ವಾಂತಿ ಬರುತ್ತದೆ, ಟ್ಯೂಬ್‌ಲೈಟಿನ ಬೆಳಕೂ ಯಂತ್ರದ ಸದ್ದೂ ಭತ್ತ ಬೇಯುವ ವಾಸನೆಯೂ ಸಹಿಸಲಾಗುವುದಿಲ್ಲ. ಕೆಲವು ಬಾರಿ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಹೊಳೆಯುವ ಗೆರೆಗಳು ಅರ್ಧ ಗಂಟೆ ಓಡಾಡುತ್ತವೆ. ಚಿಕಿತ್ಸೆ ಕೊಡದಿದ್ದರೆ ಒಂದು ಸಲದ ನೋವು 4 ಗಂಟೆಯಿಂದ 72 ಗಂಟೆಯವರೆಗೂ ಇರಬಹುದು ಎಂದು ವೈದ್ಯರು ಹೇಳಿದ್ದರು. ನೋವು ಬಾರದಂತೆ ತಡೆಯಲು ಅವರು ಬರೆದುಕೊಟ್ಟ ಪ್ರೊಪ್ರಾನೊಲಾಲ್ ಮಾತ್ರೆಯಿಂದ ನೋವು ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಏನು ತಿಂದದ್ದರಿಂದ ಬರುತ್ತದೆ ಎಂಬ ಪ್ರಶ್ನೆ ಮಾತ್ರ ಬಿಡುತ್ತಿರಲಿಲ್ಲ. ಒಬ್ಬರು ಮೊಸರು ಬಿಡು ಎನ್ನುತ್ತಿದ್ದರು, ಇನ್ನೊಬ್ಬರು ಬದನೆಕಾಯಿ ನಂಜು ಎನ್ನುತ್ತಿದ್ದರು, ಮತ್ತೊಬ್ಬರು ಎಲ್ಲವೂ ಪಿತ್ತದಿಂದ ಎನ್ನುತ್ತಿದ್ದರು. ನಮ್ಮಂಥವರ ಈ ಗೊಂದಲವೇ ಅವರ ಬಂಡವಾಳ.

ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ‘ಉಚಿತ ಮೈಗ್ರೇನ್ ತಪಾಸಣಾ ಶಿಬಿರ’ ಎಂಬ ಕರಪತ್ರ ವಾಟ್ಸಾಪ್‌ನಲ್ಲಿ ಬಂತು. ನರರೋಗ ತಜ್ಞರ ಬಳಿಗೆ ಹೋದರೆ ಏನೇನು ಕೇಳುತ್ತಾರೆಂದು ನಿಮಗೆ ಗೊತ್ತಿದೆ. ನೋವು ಯಾವ ಭಾಗದಲ್ಲಿ, ಎಷ್ಟು ಹೊತ್ತು, ವಾಂತಿ ಇದೆಯೇ, ಮುಟ್ಟಿನ ದಿನಗಳಲ್ಲಿ ಹೆಚ್ಚೇ, ತಿಂಗಳಿಗೆ ಎಷ್ಟು ನೋವಿನ ಮಾತ್ರೆ ನುಂಗುತ್ತೀರಿ ಎಂದು ಕೇಳುತ್ತಾರೆ. ಇಲ್ಲಿ ಬಿಳಿ ಕೋಟು ತೊಟ್ಟಿದ್ದ ವ್ಯಕ್ತಿ ಕೇಳಿದ್ದು ನನ್ನ ಎತ್ತರ, ತೂಕ ಮತ್ತು ನಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ ಎಂಬುದನ್ನು. ಉಚಿತವಾಗಿದ್ದದ್ದು ಈ ಮೂರು ಪ್ರಶ್ನೆಗಳಷ್ಟೇ. ಬೆರಳು ಚುಚ್ಚುವ ಮೊದಲೇ ಪಕ್ಕದ ಮೇಜಿನವರು, “ಇವತ್ತೇ ಕಟ್ಟಿದ್ರ ರಿಯಾಯ್ತಿ ಐತ್ರೀ ಅಕ್ಕಾರೆ, ನಾಳೆ ಬಂದ್ರ ಇಪ್ಪತ್ತೈದು ಸಾವಿರ ಆಕ್ಕೈತಿ” ಎಂದರು. ಹಣ ಕಳಿಸಿದ ಮೇಲೆ ಬಂದ ಬಿಲ್ಲಿನಲ್ಲಿ ರಕ್ತಪರೀಕ್ಷೆ ಎಂಬ ಮಾತೇ ಇರಲಿಲ್ಲ, ‘ವೆಲ್‌ನೆಸ್ ಕಾರ್ಯಕ್ರಮ’ ಎಂದಷ್ಟೇ ಇತ್ತು. ಅದರ ಅರ್ಥ ಮುಂದೆ ತಿಳಿಯಿತು.

ವರದಿ ಬಣ್ಣಬಣ್ಣದ್ದಾಗಿತ್ತು. ಇನ್ನೂರಕ್ಕೂ ಹೆಚ್ಚು ಆಹಾರಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿದ್ದರು. ನನ್ನ ಕೆಂಪು ಪಟ್ಟಿಯಲ್ಲಿ ಇದ್ದದ್ದು ಜೋಳ, ಗೋಧಿ, ಶೇಂಗಾ, ಹಾಲು, ಮೊಸರು, ತೊಗರಿಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಮತ್ತು ಬದನೆಕಾಯಿ. ಅಕ್ಕಿ ಹಳದಿ. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವಳಿಗೆ ಅನ್ನ ವಾರಕ್ಕೆ ಎರಡೇ ದಿನ! ನಮ್ಮದು ಕುಷ್ಟಗಿ ಕಡೆಯ ಮನೆತನ, ಎರಡು ಹೊತ್ತೂ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರು. ಇವೆಲ್ಲವನ್ನೂ ಬಿಡಬೇಕು, ಬೆಳಗಿನ ತಿಂಡಿಯ ಬದಲು ಅವರೇ ಮಾರುವ ಓಟ್ಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು, ‘ಇಂಗ್ಲಿಷ್ ಮಾತ್ರೆ’ಗಳನ್ನು ಅಂದೇ ನಿಲ್ಲಿಸಬೇಕು ಎಂದು ಆದೇಶವಾಯಿತು. ಪ್ರೊಪ್ರಾನೊಲಾಲ್‌ನಂಥ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಎದೆಬಡಿತವೂ ರಕ್ತದೊತ್ತಡವೂ ಒಮ್ಮೆಲೇ ಏರಬಹುದು, ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು ಎಂಬ ಮಾತನ್ನು ಅಲ್ಲಿ ಯಾರೂ ಹೇಳಲಿಲ್ಲ. ಹೇಳಲು ಅವರಿಗೆ ಗೊತ್ತಿರಬೇಕಲ್ಲ.

ಆಮೇಲಿನ ದಿನಗಳನ್ನು ಹೆಚ್ಚು ವಿವರಿಸುವುದಿಲ್ಲ. ಅತ್ತೆಯವರು ನನಗೊಬ್ಬಳಿಗೇ ಬೇರೆ ಅಡುಗೆ ಮಾಡಿ ಸಾಕಾದರು. ಬೇಯಿಸಿದ ಸೋರೆಕಾಯಿ ಮತ್ತು ಆ ಪುಡಿಯಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ, ಹನ್ನೊಂದು ಗಂಟೆಗೆ ಕೈ ನಡುಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿಯುತ್ತಿತ್ತು. ಮೊದಲಿಗಿಂತ ಹೆಚ್ಚು ಸಲ, ಮೊದಲಿಗಿಂತ ಹೆಚ್ಚು ಹೊತ್ತು ನೋವು ಬಂತು.

ಫೋನ್ ಮಾಡಿದಾಗ ಬಂದ ಉತ್ತರಗಳನ್ನು ಮಾತ್ರ ಹಾಗೆಯೇ ಬರೆಯುತ್ತೇನೆ, ಏಕೆಂದರೆ ನಿಮಗೂ ಇದೇ ಉತ್ತರ ಸಿಗಲಿದೆ. ಮೊದಲ ಸಲ: “ವಿಷ ಹೊರಗ ಬರಾಕತ್ತೈತ್ರೀ ಅಕ್ಕಾರೆ, ಅದಕ್ಕ ನೋವು ಜಾಸ್ತಿ ಆಗೇತಿ. ಇದು ಒಳ್ಳೆ ಲಕ್ಷಣ.” ಎರಡನೆಯ ಸಲ: “ಎಲ್ಲೋ ಬಾಯಿ ತಪ್ಪೀರಿ, ನೆನಪು ಮಾಡ್ಕೊಳ್ರೀ.” ನಾದಿನಿಯ ಮಗುವಿನ ತೊಟ್ಟಿಲ ಕಾರ್ಯದಲ್ಲಿ ಒಂದು ಚಮಚ ಮೊಸರನ್ನ ತಿಂದದ್ದನ್ನು ಹೇಳಿದೆ. “ನೋಡ್ರೀ, ನಾ ಹೇಳಿದ್ದು ಖರೆ ಆತಲ್ಲ?” ಎಂದು ಆ ಕಡೆಯ ಧ್ವನಿ ಗೆದ್ದವರಂತೆ ನಕ್ಕಿತು. ಎದೆ ಡವಗುಟ್ಟುತ್ತದೆ ಎಂದಾಗ: “ಅದು ನಿಮ್ಮ ಟೆನ್ಶನ್ ರೀ, ಧ್ಯಾನ ಮಾಡ್ರೀ.” ನೋವು ಕಡಿಮೆಯಾದರೆ ಅವರ ಪಟ್ಟಿಯಿಂದ, ಹೆಚ್ಚಾದರೆ ನನ್ನ ನಾಲಿಗೆಯ ಚಪಲದಿಂದ. ಹೇಗೆ ಬಂದರೂ ಅವರಿಗೆ ಸೋಲಿಲ್ಲದ ಲೆಕ್ಕ ಅದು.

ಒಂದು ರಾತ್ರಿ ನೋವು ಇಳಿದು ನಿದ್ದೆ ಬಾರದೆ ಕುಳಿತಿದ್ದಾಗ ಆ ವರದಿಯ ಹಸಿರು ಪಟ್ಟಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಅಲ್ಲಿಯವರೆಗೆ ಕೆಂಪನ್ನಷ್ಟೇ ನೋಡಿ ಹೆದರುತ್ತಿದ್ದೆ. ಸಾಲ್ಮನ್ ಮೀನು, ಬಾತುಕೋಳಿ ಮಾಂಸ, ಆಸ್ಪರಾಗಸ್, ಆವಕಾಡೊ, ಕ್ರ್ಯಾನ್‌ಬೆರಿ. ಇವುಗಳಲ್ಲಿ ಒಂದನ್ನೂ ನಾನು ಹುಟ್ಟಿದಾಗಿನಿಂದ ಬಾಯಿಗೆ ಹಾಕಿದವಳಲ್ಲ, ಕೆಲವನ್ನು ಕಣ್ಣಿನಿಂದಲೂ ನೋಡಿದವಳಲ್ಲ. ಕೆಂಪು ಪಟ್ಟಿಯನ್ನು ಮತ್ತೆ ನೋಡಿದೆ. ಅದು ನಾವು ಪ್ರತಿ ತಿಂಗಳು ಕಿರಾಣಿ ಅಂಗಡಿಗೆ ಕೊಡುವ ಚೀಟಿಯೇ ಆಗಿತ್ತು. ಬೆಳಗಾಗುವುದನ್ನೇ ಕಾದು, ಅದೇ ಶಿಬಿರಕ್ಕೆ ಬಂದಿದ್ದ ಸಿರುಗುಪ್ಪ ಕಡೆಯ ಪರಿಚಯದವರೊಬ್ಬರಿಂದ ಅವರ ವರದಿಯನ್ನು ತರಿಸಿಕೊಂಡೆ. ಅವರ ಮನೆಯಲ್ಲಿ ಮೂರು ಹೊತ್ತೂ ಅನ್ನ. ಅವರಿಗೆ ಅಕ್ಕಿ ಕೆಂಪು, ಜೋಳ ಹಸಿರು! ಹೆಚ್ಚಾಗಿ ತಿನ್ನುವುದು ಕೆಂಪು, ಕಡಿಮೆ ತಿನ್ನುವುದು ಹಳದಿ, ತಿನ್ನದೇ ಇರುವುದು ಹಸಿರು. ನಾನೇ ಏನು ತಿನ್ನುತ್ತೇನೆ ಎಂಬುದನ್ನು ನನಗೇ ತಿಳಿಸಲು 18,500 ರೂಪಾಯಿ ತೆಗೆದುಕೊಂಡಿದ್ದರು. ಆ ಹೊತ್ತಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮನೆಯವರಿಗೂ ಎರಡು ದಿನ ಹೇಳಲಿಲ್ಲ.

ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯರಿಗೆ ಎರಡೂ ವರದಿಗಳನ್ನು ತೋರಿಸಿದೆ. ಅವರು ಬೈಯಲಿಲ್ಲ, ಇಂಥ ವರದಿ ಹಿಡಿದು ಬಂದವರಲ್ಲಿ ನಾನೇ ಮೊದಲಿಗಳಲ್ಲ ಎಂದರು. ಆ ಪರೀಕ್ಷೆ ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು. ನಾವು ತಿಂದ ಆಹಾರವನ್ನು ದೇಹದ ರಕ್ಷಣಾ ವ್ಯವಸ್ಥೆ ಪರಿಚಯ ಮಾಡಿಕೊಂಡಿದೆ ಎಂಬುದಕ್ಕಷ್ಟೇ ಅದು ಕುರುಹು, ಆರೋಗ್ಯವಂತರಲ್ಲಿಯೂ ಇರುತ್ತದೆ. ತಕ್ಷಣದ ಆಹಾರ ಅಲರ್ಜಿಯನ್ನು ಗುರುತಿಸಲು ವೈದ್ಯರು ನೋಡುವುದು ಐಜಿಇ ಎಂಬ ಬೇರೆಯೇ ಪ್ರತಿಕಾಯವನ್ನು. ಆಹಾರದಿಂದಾಗುವ ತೊಂದರೆಗಳನ್ನು ಪತ್ತೆ ಮಾಡಲು ಐಜಿಜಿ ಪರೀಕ್ಷೆಯನ್ನು ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿಯೇ ಹೇಳಿದೆ, ಕೆನಡಾದ ಅಲರ್ಜಿ ತಜ್ಞರ ಸಂಘವೂ 2012ರಲ್ಲಿ ಅದನ್ನೇ ಹೇಳಿದೆ. ಮೈಗ್ರೇನ್ ಇದೆ ಎಂದು ಹೇಳುವ ರಕ್ತಪರೀಕ್ಷೆಯೇ ಇಲ್ಲದಿರುವಾಗ, ಅದನ್ನು ಎಬ್ಬಿಸುವ ಕಾರಣವನ್ನು ನಾಲ್ಕು ಹನಿ ರಕ್ತ ಹೇಗೆ ಹೇಳೀತು? ವೈದ್ಯರು ರೋಗಿಯ ಮಾತು ಕೇಳಿ, ಪರೀಕ್ಷಿಸಿಯೇ ಇದನ್ನು ಗುರುತಿಸುತ್ತಾರೆ.

ಅವರು ಮಾತ್ರೆಯನ್ನು ಮತ್ತೆ ಆರಂಭಿಸಿ, ಒಂದು ನೋಟ್‌ಬುಕ್ ಇಡಲು ಹೇಳಿದರು. ಮಲಗಿದ ಹೊತ್ತು, ಎದ್ದ ಹೊತ್ತು, ಊಟದ ಹೊತ್ತು, ಚಹಾ, ಮುಟ್ಟಿನ ದಿನ, ಬಿಸಿಲಿನ ಓಡಾಟ, ನುಂಗಿದ ಮಾತ್ರೆ, ಇಷ್ಟನ್ನು ನೋವಿಲ್ಲದ ದಿನವೂ ಬರೆಯಬೇಕು. ನೋವಿನ ದಿನವನ್ನು ಮಾತ್ರ ಬರೆದರೆ, ಅಂದು ತಿಂದದ್ದೆಲ್ಲ ಕಳ್ಳನಂತೆ ಕಾಣುತ್ತದೆ. ಇದು ನನ್ನ ಕಸುಬಿಗೆ ಹತ್ತಿರದ ಕೆಲಸ, ಮೂವತ್ತು ರೂಪಾಯಿಯ ಪುಸ್ತಕದಲ್ಲಿ ಮುಗಿಯಿತು. ಪುಟಗಳು ತುಂಬಿದಂತೆ ಕಂಡದ್ದೇ ಬೇರೆ. ಜಿಎಸ್‌ಟಿ ವಿವರ ಸಲ್ಲಿಸುವ 11 ಮತ್ತು 20ನೇ ತಾರೀಖಿನಂದು ನೋವು ಬರುತ್ತಿರಲಿಲ್ಲ, ಕೆಲಸ ಮುಗಿಸಿ ನಿರಾಳವಾದ ಮರುದಿನ ಬರುತ್ತಿತ್ತು. ಒತ್ತಡ ಏರಿದಾಗಲಷ್ಟೇ ಅಲ್ಲ, ಇಳಿದಾಗಲೂ ಮೈಗ್ರೇನ್ ಏಳುತ್ತದಂತೆ. ಶ್ರಾವಣ ಸೋಮವಾರದ ಉಪವಾಸದ ಸಂಜೆ ಬಹುತೇಕ ತಪ್ಪದೆ ಬಂದಿತ್ತು. ಭಾನುವಾರ ಎರಡು ಗಂಟೆ ಹೆಚ್ಚು ಮಲಗಿ, ಬೆಳಗಿನ ಚಹಾ ತಡವಾದರೂ ಬಂದಿತ್ತು. ಮುಟ್ಟಿಗೆ ಎರಡು ದಿನ ಮುಂಚಿನಿಂದ ಮೂರನೆಯ ದಿನದವರೆಗೆ ಸಣ್ಣ ಕಾರಣವೂ ಸಾಕಾಗುತ್ತಿತ್ತು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ನೀರು ಕುಡಿಯದೆ ಬಸ್ಸಿನಲ್ಲಿ ಬಳ್ಳಾರಿಗೆ ಹೋದರೆ ಹೇಳುವುದೇ ಬೇಡ. ಇವುಗಳಲ್ಲಿ ಒಂದೇ ಒಂದು ಇದ್ದಾಗ ಎಷ್ಟೋ ಸಲ ಏನೂ ಆಗುತ್ತಿರಲಿಲ್ಲ, ಎರಡು ಮೂರು ಕೂಡಿದಾಗ ತಪ್ಪುತ್ತಿರಲಿಲ್ಲ.

ಮಿರ್ಚಿ-ಮಂಡಕ್ಕಿಯ ವಿಷಯವನ್ನಂತೂ ಹೇಳಲೇಬೇಕು. ಮಿರ್ಚಿ ತಿಂದ ಮರುದಿನ ತಲೆನೋವು ಬರುತ್ತದೆಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು, ಆ ವರದಿಯೂ ಹಸಿಮೆಣಸಿನಕಾಯಿಯನ್ನು ಕೆಂಪು ಮಾಡಿ ನಂಬಿಕೆಗೆ ಮುದ್ರೆ ಒತ್ತಿತ್ತು. ನೋಟ್‌ಬುಕ್ಕಿನಲ್ಲಿ ನೋಡಿದರೆ, ಮಿರ್ಚಿ ಬೇಕೇ ಬೇಕು ಎನಿಸಿದ ಸಂಜೆಗಳಲ್ಲಿ ಅದಾಗಲೇ ಪದೇ ಪದೇ ಆಕಳಿಕೆ ಬರುತ್ತಿತ್ತು, ಕುತ್ತಿಗೆ ಬಿಗಿಯುತ್ತಿತ್ತು. ನೋವು ಶುರುವಾಗುವ ಗಂಟೆಗಳ ಮೊದಲೇ, ಕೆಲವೊಮ್ಮೆ ಒಂದೆರಡು ದಿನ ಮೊದಲೇ, ಮೈಗ್ರೇನ್ ಮೆದುಳಿನಲ್ಲಿ ಆರಂಭವಾಗಿರುತ್ತದೆ, ಏನನ್ನಾದರೂ ತಿನ್ನಬೇಕೆಂಬ ಆಸೆಯೂ ಅದರದೇ ಲಕ್ಷಣವಾಗಿರಬಹುದು ಎಂದು ವೈದ್ಯರು ವಿವರಿಸಿದರು. ಬೇರೆ ಸಂಜೆಗಳಲ್ಲಿ ತಿಂದ ಮಿರ್ಚಿಯಿಂದ ನನಗೆ ಏನೂ ಆಗಿಲ್ಲ. ಎಲ್ಲರಿಗೂ ಹೀಗೆಯೇ ಎನ್ನುತ್ತಿಲ್ಲ, ಮದ್ಯದಂಥವು ಕೆಲವರಿಗೆ ನಿಜವಾಗಿಯೂ ಆಗಿಬರುವುದಿಲ್ಲ. ಅದನ್ನು ಅವರವರ ಪುಸ್ತಕವೇ ಹೇಳಬೇಕು.

ಈಗ ರೊಟ್ಟಿ, ಹಿಂಡಿ, ಮೊಸರು ತಟ್ಟೆಗೆ ಮರಳಿವೆ. ಬೆಳಿಗ್ಗೆ ಎಂಟರೊಳಗೆ ಏನಾದರೂ ತಿನ್ನುತ್ತೇನೆ. ಉಪವಾಸದ ದಿನವೂ ಹಾಲು-ಬಾಳೆಹಣ್ಣು ತಪ್ಪಿಸುವುದಿಲ್ಲ, ಅತ್ತೆಯವರೇ “ದೇವರು ಬ್ಯಾಡ ಅನ್ನಂಗಿಲ್ಲ, ತಿನ್ನವಾ” ಎಂದಿದ್ದಾರೆ. ಭಾನುವಾರವೂ ಅದೇ ಹೊತ್ತಿಗೆ ಏಳುತ್ತೇನೆ. ಮಿಣುಕುವ ಟ್ಯೂಬ್‌ಲೈಟನ್ನು ಮಾಲೀಕರಿಗೆ ಹೇಳಿ ಬದಲಾಯಿಸಿದೆ. ಮುಟ್ಟನ್ನೂ ಬಿಸಿಲನ್ನೂ ಬದಲಾಯಿಸಲಾಗದು, ಆ ದಿನಗಳಲ್ಲಿ ಉಳಿದ ಕಾರಣಗಳು ಬಂದು ಸೇರದಂತೆ ನೋಡಿಕೊಳ್ಳುತ್ತೇನೆ. ನೋವಿನ ಮಾತ್ರೆಯನ್ನು ನೋವು ಏಳುವಾಗಲೇ ನುಂಗುತ್ತೇನೆ, ದಿನಾಂಕ ಬರೆದಿಡುತ್ತೇನೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಅಥವಾ ಒಂದಕ್ಕಿಂತ ಹೆಚ್ಚು ಔಷಧ ಕೂಡಿದ ಮಿಶ್ರ ಮಾತ್ರೆಗಳನ್ನು 10 ದಿನ ಮುಟ್ಟುವಷ್ಟು ನುಂಗುತ್ತಾ ಮೂರು ತಿಂಗಳು ದಾಟಿದರೆ, ಆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ನೋವು ಇನ್ನೂ ಬರುತ್ತದೆ, ಮೊದಲಿನಷ್ಟು ಬರುವುದಿಲ್ಲ.

ಹಣ ಹಿಂತಿರುಗಿಸಿ ಎಂದು ಕೇಳಲು ಅವರ ಕಚೇರಿಗೆ ಹೋದಾಗ ಸಿಕ್ಕ ಉತ್ತರ: “ಪರೀಕ್ಷೆ ಅಂತ ನಾವೆಲ್ಲಿ ಬರದೀವ್ರೀ? ಬಿಲ್ ನೋಡ್ರೀ, ವೆಲ್‌ನೆಸ್ ಕಾರ್ಯಕ್ರಮ ಅಂತ ಐತಿ.” ಮಾತ್ರೆ ನಿಲ್ಲಿಸಲು ಹೇಳಿದ ಡಾಕ್ಟರರ ನೋಂದಣಿ ಸಂಖ್ಯೆ ಕೊಡಿ ಎಂದೆ. “ಅವರು ಡಾಕ್ಟರ್ ಅಲ್ರೀ, ಕೌನ್ಸೆಲರ್. ಡಾಕ್ಟರ್ ಅಂತ ಕರದವರು ನೀವು.” ಬಿಳಿ ಕೋಟು ತೊಡಿಸಿ ಕೂರಿಸಿದವರು ಯಾರು ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಅಂದು ಸಂಜೆಯಿಂದ ನನ್ನ ಕರೆಗಳೂ ಹೋಗುತ್ತಿಲ್ಲ.

ನಿಮಗೆ ಹೇಳುವುದಿಷ್ಟೇ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾ ಸಂಸ್ಥೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು, ನೋಂದಣಿ ಪತ್ರವನ್ನು ಕಾಣುವಂತೆ ಹಾಕಿರಬೇಕು. ಮೊದಲು ಅದನ್ನು ಕೇಳಿ. ವೈದ್ಯರು ಕೊಟ್ಟ ಮಾತ್ರೆಯನ್ನು ಬೇರೆಯವರ ಮಾತಿನಿಂದ ನಿಲ್ಲಿಸಬೇಡಿ. ಹಿಂದೆಂದೂ ಕಾಣದಂಥ ನೋವು ಸಿಡಿಲಿನಂತೆ ಒಮ್ಮೆಲೇ ಬಂದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ ಪುಸ್ತಕವನ್ನೂ ಬದಿಗಿಟ್ಟು ಆಸ್ಪತ್ರೆಗೆ ಓಡಿ. ಅದೇ ಶಿಬಿರದಲ್ಲಿ ಹಣ ಕಟ್ಟಿದವರು ಬಿಲ್, ವರದಿ, ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ನಾನು ಸಲ್ಲಿಸಿದ್ದೇನೆ. ಅವರ ಮುಂದಿನ ಶಿಬಿರ ರಾಯಚೂರಿನಲ್ಲಿದೆ. ಹೊಸ ಕರಪತ್ರದಲ್ಲಿ ಹೆಸರು ಬೇರೆ, ಫೋನ್ ಸಂಖ್ಯೆ ಬೇರೆ, ಆದರೆ ಕೆಂಪು, ಹಳದಿ, ಹಸಿರು ಪಟ್ಟಿಯ ಚಿತ್ರ ಅದೇ ಇದೆ, ‘ಉಚಿತ’ ಎಂಬ ಪದವೂ ಅಷ್ಟೇ ದೊಡ್ಡದಾಗಿದೆ.