ಬಾನುಲಿಗೆ ದೇಣಿಗೆ: ಮೂರು ಜಾಲತಾಣಗಳಲ್ಲಿ ಕೇಳಿ ನೋಡಿದ್ದು

ದಕ್ಷಿಣ ಕೊಡಗಿನ ನಮ್ಮ ಪುಟ್ಟ ಸಮುದಾಯ ಬಾನುಲಿ ಕೇಂದ್ರದ 50 ವ್ಯಾಟಿನ ಟ್ರಾನ್ಸ್‌ಮಿಟರ್ ಮೇ ತಿಂಗಳ ಒಂದು ಸಂಜೆ ಸಿಡಿಲಿಗೆ ಸುಟ್ಟುಹೋಯಿತು. ಅಮೆರಿಕದ ಬರ್ಕ್ಲಿಯಲ್ಲಿ 1949ರಲ್ಲಿ ಆರಂಭವಾದ ಕೆಪಿಎಫ್‌ಎಯಂತಹ ಕೇಂದ್ರಗಳು ಕೇಳುಗರ ಮುಂದೆ ಮೈಕಿನಲ್ಲೇ ಕೈಯೊಡ್ಡಿ ಬದುಕಿದವು. ನಮಗೆ ಆ ಮೈಕೇ ಇಲ್ಲವಾಗಿತ್ತು. ಸಮುದಾಯ ಬಾನುಲಿಯ ಜಾಹೀರಾತಿನ ಮಿತಿಯನ್ನು 2024ರಲ್ಲಿ ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಿದ್ದಾರೆ, ನಿಜ. ಆದರೆ ನಮ್ಮ ಪೇಟೆಯ ಗೊಬ್ಬರದ ಅಂಗಡಿ ಮತ್ತು ಚಿನ್ನದಂಗಡಿಗಳು ಹಳೆಯ ಏಳು ನಿಮಿಷವನ್ನೇ ತುಂಬಿಸಿರಲಿಲ್ಲ. ಹೀಗಾಗಿ ಕೇಂದ್ರವನ್ನು ನಡೆಸುವ ಟ್ರಸ್ಟಿನ ಖಜಾಂಚಿಯಾದ ನಾನು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮತ್ತು ವಾಟ್ಸಾಪ್‌ಗಳಲ್ಲಿ ಒಂದೇ ಮನವಿಯನ್ನು ಹಾಕಿದೆ.

ಇನ್‌ಸ್ಟಾಗ್ರಾಂ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮಂಜು ಮುಸುಕಿದ ಗುಡ್ಡದ ಮೇಲೆ ನಮ್ಮ ಆಂಟೆನಾ ನಿಂತಿರುವ ರೀಲನ್ನು ಬಹಳ ಮಂದಿ ನೋಡಿದರು, ಮೆಚ್ಚಿದರು, ಹತ್ತಿರದಲ್ಲಿ ಹೋಂಸ್ಟೇ ಇದೆಯೇ, ದಿನಕ್ಕೆ ಎಷ್ಟು ಎಂದು ವಿಚಾರಿಸಿದರು. ದೇಣಿಗೆಯ ವಿಷಯ ಯಾರೂ ಎತ್ತಲಿಲ್ಲ.

ಫೇಸ್‌ಬುಕ್‌ನಲ್ಲಿ ಸಿಕ್ಕವರು ಊರು ಬಿಟ್ಟು ಬೆಂಗಳೂರು, ಮೈಸೂರು, ದುಬೈ ಸೇರಿದ ನಮ್ಮವರೇ. ಕಪ್ಪಾದ ಸರ್ಕ್ಯೂಟ್ ಬೋರ್ಡಿನ ಫೋಟೊ ಅವರನ್ನು ತಟ್ಟಿತು. ಕೊಟ್ಟವರು ಕಡಿಮೆ, ಆದರೆ ಒಬ್ಬೊಬ್ಬರು ಕೊಟ್ಟ ಮೊತ್ತ ದೊಡ್ಡದು. ಅವರಿಗೆ ರಸೀದಿ ಬೇಕಿತ್ತು, ಅದರಲ್ಲೂ ಆದಾಯ ತೆರಿಗೆಯ 80ಜಿ ವಿನಾಯಿತಿಗೆ ಸಲ್ಲುವ ರಸೀದಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ವಿನಾಯಿತಿ ಇಲ್ಲವೆಂದು ಮನವಿಯಲ್ಲೇ ಬರೆಯಬೇಕಿತ್ತು. ಬರೆಯದೆ, ರಜೆಗೆ ಬಂದು ನೋಟು ಎಣಿಸಿ ಕೊಟ್ಟ ಹಿರಿಯರೊಬ್ಬರ ಮುಂದೆ ಮುಜುಗರಪಟ್ಟೆ. ಅದಕ್ಕಿಂತ ಕಷ್ಟವಾದದ್ದು ಕೆನಡಾದಿಂದ ಬಂದ ಒಂದು ಕರೆ. ಹುಟ್ಟಿದ್ದು ಗೋಣಿಕೊಪ್ಪಲಿನಲ್ಲೇ ಆದರೂ ಅವರು ಈಗ ಕೆನಡಾದ ಪೌರರಾಗಿರುವುದರಿಂದ ಅವರ ಹಣ ಕಾನೂನಿನ ಕಣ್ಣಿಗೆ ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯಿದೆಯಡಿ ನೋಂದಣಿಯಿಲ್ಲದ ನಾವು ಅದನ್ನು ಮುಟ್ಟುವಂತಿಲ್ಲ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ದುಬೈಯವರು ತಮ್ಮ ಉಳಿತಾಯದಿಂದ ಕೊಟ್ಟರೆ ಅಡ್ಡಿಯಿಲ್ಲ. ಈ ವ್ಯತ್ಯಾಸವನ್ನು ಫೋನಿನಲ್ಲಿ ವಿವರಿಸುವಾಗ ಕೆನಡಾದವರು, “ಹಾಗಾದರೆ ನಾನು ಊರಿನವನಲ್ಲವಾ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ವಾಟ್ಸಾಪ್ ಮೊದಲ ವಾರದಲ್ಲಿ ಪೂರ್ತಿ ಸೋತಿತ್ತು. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ತಲುಪಿದವರಲ್ಲಿಯೂ ಕೆಲವರು, ಮಡಿಕೇರಿ ಆಕಾಶವಾಣಿಯ ಹಾಗೆ ಇದೂ ಸರ್ಕಾರದ್ದೇ ಅಲ್ಲವೇ, ದುಡ್ಡೇಕೆ ಎಂದರು. ಅದನ್ನು ಪ್ರಸಾರ ಭಾರತಿ ನೋಡಿಕೊಳ್ಳುತ್ತದೆ, ನಮ್ಮನ್ನು ನೋಡಿಕೊಳ್ಳಬೇಕಾದವರು ನೀವೇ ಎಂದು ಒಬ್ಬೊಬ್ಬರಿಗೂ ಬರೆದೆ. ಆಗ ತೋಟದ ಕಾರ್ಮಿಕರ ಲೈನ್‌ಮನೆಯಿಂದ ನಮ್ಮ ಕೇಳುಗರೊಬ್ಬರ ಧ್ವನಿ ಸಂದೇಶ ಬಂತು: “ಅಕ್ಕಾ, ಸ್ಕ್ಯಾನ್ ಮಾಡಿದರೆ ನಿಮ್ಮ ಹೆಸರು ಬರುತ್ತಲ್ಲ, ಕೇಂದ್ರದ ಹೆಸರೆಲ್ಲಿ?” ಅವಸರದಲ್ಲಿ ನನ್ನ ಸ್ವಂತ ಖಾತೆಯ ಕ್ಯೂಆರ್ ಕೋಡನ್ನೇ ಹಾಕಿದ್ದೆ! ಅಷ್ಟು ಜನರಲ್ಲಿ ಕೇಳಿದವರು ಅವರೊಬ್ಬರೇ. ಉಳಿದವರು ಮಾತಾಡದೆ ಹಿಂದೆ ಸರಿದಿದ್ದರು.

ಟ್ರಸ್ಟಿನ ಖಾತೆಯ ಕೋಡನ್ನು ಹಾಕಿ, ಉದ್ದದ ಬರಹವನ್ನು ತೆಗೆದು, ಅರೆಭಾಷೆ ಮತ್ತು ಕೊಡವ ತಕ್ಕ್‌ನಲ್ಲಿ ಕಾರ್ಯಕ್ರಮ ನಡೆಸುವ ಇಬ್ಬರಿಂದ ನಲವತ್ತು ಸೆಕೆಂಡಿನ ಧ್ವನಿ ಸಂದೇಶಗಳನ್ನು ಹೇಳಿಸಿದ ಮೇಲೆ ಸಂಗತಿ ಬದಲಾಯಿತು. ದಿನವೂ ಕೇಳುತ್ತಿದ್ದ ಆ ದನಿಗಳು ಒಕ್ಕದ, ಅಂದರೆ ಕೊಡವ ಮನೆತನಗಳ, ಗ್ರೂಪುಗಳಿಗೂ ಸ್ವಸಹಾಯ ಸಂಘಗಳ ಗ್ರೂಪುಗಳಿಗೂ ತಾವಾಗಿಯೇ ಹೋದವು, ಐವತ್ತು, ನೂರು, ಇನ್ನೂರರಂತೆ ಹಣ ಬರತೊಡಗಿತು. ಒಂದು ಗ್ರೂಪಿನಲ್ಲಿ ಮದುವೆಯ ಮುಯ್ಯಿ ಪಟ್ಟಿಯಂತೆ ಹೆಸರು ಮತ್ತು ಮೊತ್ತಗಳನ್ನು ಒಂದರ ಕೆಳಗೊಂದು ಬರೆಯತೊಡಗಿದರು. ಅದರಿಂದ ಮೊತ್ತ ಏರಿತು, ಆದರೆ ಐವತ್ತು ಕೊಡಬಲ್ಲವರು ಸುಮ್ಮನಾದರು. ಮೊತ್ತ ಬೇಡ, ಹೆಸರಷ್ಟೇ ಸಾಕೆಂದು ಅಡ್ಮಿನ್‌ಗೆ ಹೇಳಿ ಆ ಪಟ್ಟಿಯನ್ನು ನಿಲ್ಲಿಸಿದೆ. ಇದರಿಂದ ಸ್ವಲ್ಪ ಹಣ ತಪ್ಪಿರಬಹುದು, ಚಿಂತೆಯಿಲ್ಲ.

ಒಟ್ಟು ಮೊತ್ತದಲ್ಲಿ ಫೇಸ್‌ಬುಕ್ ಮತ್ತು ವಾಟ್ಸಾಪ್ ಹೆಚ್ಚುಕಡಿಮೆ ಸಮ. ಶ್ರಮದಲ್ಲಿ ಸಮವಲ್ಲ: ಫೇಸ್‌ಬುಕ್‌ಗೆ ವಾರಕ್ಕೊಂದು ಸಂಜೆ ಸಾಕಾಗುತ್ತಿತ್ತು, ವಾಟ್ಸಾಪ್ ರಾತ್ರಿ ಹತ್ತರವರೆಗೆ ಉತ್ತರ ಬೇಡುತ್ತಿತ್ತು. ಆದರೂ ಕೇಂದ್ರಕ್ಕೆ ನಾನು ಆರಿಸುವುದು ವಾಟ್ಸಾಪನ್ನೇ, ಏಕೆಂದರೆ ಫೆಬ್ರವರಿಯಲ್ಲಿ ಕಾಫಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಉಳಿದ ಮೊತ್ತಕ್ಕೆ ಮತ್ತೆ ಕೇಳಿದಾಗ, ಫೇಸ್‌ಬುಕ್‌ನಲ್ಲಿ ಕೊಟ್ಟವರಲ್ಲಿ ಎರಡನೆಯ ಸಲ ಕೊಟ್ಟವರು ಇಬ್ಬರೇ. ಆದರೆ ಲೈನ್‌ಮನೆಯ ಆ ಕೇಳುಗರು ಮತ್ತೆ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಕೇಂದ್ರದ ಹೆಸರು ಮೂಡಿದ್ದರ ಚಿತ್ರವನ್ನು ನನಗೆ ಕಳುಹಿಸಿದರು.